ಹೊಸಮನೆಯಿಂದ ಹೊಸಮನೆಗೆ

ಶಿವಮೊಗ್ಗದಲ್ಲಿ ಒಂದು ಹೊಸಮನೆ ಇದೆ, ಭದ್ರಾವತಿಯಲ್ಲಿ ಇನ್ನೊಂದು. ನಾನಿರುವುದು ಮೊದಲನೆಯದರಲ್ಲಿ, ಅಪ್ಪ ಇರುವುದು ಎರಡನೆಯದರಲ್ಲಿ. ನಡುವೆ ಸುಮಾರು 20 ಕಿಲೋಮೀಟರ್ ದಾರಿ. ಮದುವೆ ಕಾಗದ ಕೊಡಲು ಬಂದ ಎಷ್ಟೋ ನೆಂಟರು ಒಂದು ಹೊಸಮನೆಯಲ್ಲಿ ಇಳಿದು ಇನ್ನೊಂದರ ಮನೆ ಹುಡುಕಿದ್ದುಂಟು. ನನಗೆ ಮಾತ್ರ ಈ ಹೆಸರಿನಿಂದ ಒಂದು ಸಮಾಧಾನ. ಊರು ಬಿಟ್ಟು ಬಂದೆ ಅಂತ ಅನ್ನಿಸುವುದೇ ಇಲ್ಲ.

ಹೋದ ದೀಪಾವಳಿ ಕಳೆದ ಮೇಲೆ ಅಕ್ಕನ ಮಗ ಅಮೆರಿಕದಿಂದ ಬಂದಿದ್ದ. ಟೆಕ್ಸಾಸಿನಲ್ಲಿ ಅವನಿಗೆ ಸಾಫ್ಟ್‌ವೇರ್ ಕೆಲಸ. ಮನೆಯಲ್ಲಿ ಎಲ್ಲರಿಗೂ ಅವನು ಇನ್ನೂ ಪುಟ್ಟನೇ. ರಾತ್ರಿ ಊಟ ಆದಮೇಲೆ ಜಗಲಿಯಲ್ಲಿ ಕೂತು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ. ಬಯಲಿನಲ್ಲಿ ಇವನು ನಿಂತಿದ್ದಾನೆ, ಕಿವಿಗೆ ಮಫ್, ಕಣ್ಣಿಗೆ ಕನ್ನಡಕ, ಕೈಯಲ್ಲಿ ರಿವಾಲ್ವರ್. ಬೀಪ್ ಅಂದದ್ದೇ ತಡ, ಎದುರಿನ ಕಬ್ಬಿಣದ ತಟ್ಟೆಗಳಿಗೆ ಆರು ಗುಂಡು. ನಳಿಗೆ ಮೇಲೆ ಮಾಡಿ ಸಿಲಿಂಡರ್ ಪಕ್ಕಕ್ಕೆ ಬಿಚ್ಚಿ, ಅಂಗೈಯಿಂದ ಒಂದು ಗುದ್ದು ಕೊಟ್ಟರೆ ಖಾಲಿ ತೋಟಾಗಳೆಲ್ಲ ನೆಲಕ್ಕೆ. ನಳಿಗೆ ಕೆಳಗೆ ಮಾಡಿ ಸೊಂಟದಿಂದ ಹೊಸ ಆರು ತೋಟಾಗಳ ಗೊಂಚಲು ತೆಗೆದು ತುರುಕಬೇಕು. ಅಲ್ಲಿ ಕೈ ತಡವರಿಸಿತು. ಒಂದು ತೋಟಾದ ಮೂತಿ ತೂತಿನ ಅಂಚಿಗೆ ಸಿಕ್ಕಿಕೊಂಡು ಇಡೀ ಗೊಂಚಲು ಓರೆಯಾಗಿ ನಿಂತಿತು. ಅಲ್ಲಾಡಿಸಿದ, ಮತ್ತೆ ಒತ್ತಿದ, ಹೋಯಿತು. ಆದರೆ ಅಷ್ಟರಲ್ಲಿ ಪಕ್ಕದವನು ಮುಗಿಸಿ ನಿಂತಿದ್ದ.

"ನೋಡಿ ಮಾವ, ಪ್ರತಿ ಸಲ ಇಲ್ಲೇ ಸಿಕ್ಕೊಳ್ಳೋದು. ಹೊಡೆಯೋದ್ರಲ್ಲಿ ನಾನೇನು ಹಿಂದೆ ಇಲ್ಲ. ತುಂಬೋದ್ರಲ್ಲೇ ಸೋಲೋದು. ಸಿಲಿಂಡರಿಗೆ ಚಾಂಫರ್ ಮಾಡಿಸು ಅಂತ ಎಲ್ಲರೂ ಹೇಳ್ತಾರೆ. ನಂಗೆ ಧೈರ್ಯ ಬರ್ತಿಲ್ಲ. ಎಷ್ಟು ಲೋಹ ತೆಗೀತಾರೋ, ತೆಗೆದ ಮೇಲೆ ವಾಪಸ್ ಹಾಕೋಕಾಗುತ್ತಾ?"

ಚಾಂಫರ್! ಅಂದರೆ ತೂತಿನ ಚೂಪು ಅಂಚನ್ನು ಕೆತ್ತಿ ತುಸು ಇಳಿಜಾರು ಮಾಡುವುದು. ಆ ಪದ ನಮ್ಮ ಮನೆಯದು. ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಮಷಿನ್ ಶಾಪಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಟರ್ನರ್ ಆಗಿದ್ದ ಅಪ್ಪನ ಬಾಯಿಂದ ಚಿಕ್ಕಂದಿನಲ್ಲಿ ದಿನಕ್ಕೆ ಎರಡು ಸಲವಾದರೂ ಕೇಳಿದ್ದ ಪದ. ಬಾಗಿಲ ಚಿಲಕದ ತೂತು ಒರಟಾಗಿದ್ದರೂ "ಚಾಂಫರ್ ಹೊಡೆಯದೆ ಬಿಟ್ಟಿದ್ದಾನೆ" ಅಂತ ಬಯ್ಯುತ್ತಿದ್ದರು. ನಾನು ಪುಟ್ಟನಿಗೆ ಹೇಳಿದೆ: "ನಾಳೆ ಭದ್ರಾವತಿಗೆ ಹೋಗೋಣ. ಅಜ್ಜನ್ನ ಕೇಳು."

ಹೊರಡುವ ಮೊದಲು ಬೆಳಿಗ್ಗೆ ಅವನನ್ನು ಶಿವಪ್ಪ ನಾಯಕ ಅರಮನೆಗೆ ಕರೆದುಕೊಂಡು ಹೋದೆ. ತುಂಗೆಯ ದಡದ ಹಳೇ ಶಿವಮೊಗ್ಗದಲ್ಲಿ ಮರದ ಕಂಬಗಳ ಎರಡಂತಸ್ತಿನ ಆ ಮನೆ ಈಗ ವಸ್ತುಸಂಗ್ರಹಾಲಯ. ವಿಗ್ರಹ, ಶಾಸನ, ವೀರಗಲ್ಲುಗಳನ್ನು ನೋಡಲು ಬರುವವರೇ ಜಾಸ್ತಿ. ನಾನು ಅವನಿಗೆ ತೋರಿಸಬೇಕಾಗಿದ್ದು ಕಬ್ಬಿಣದ ಕೊಳವೆಗಳನ್ನು. ಹೊಸನಗರ ತಾಲ್ಲೂಕಿನ ನಗರದಲ್ಲಿ, ಅಂದರೆ ಕೆಳದಿ ಅರಸರ ಬಿದನೂರಿನಲ್ಲಿ, ಒಂದು ಹಾಳುಬಾವಿಯ ಕೆಸರು ತೆಗೆಯುವಾಗ 2018ರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ಹೈದರಾಲಿ 1763ರಲ್ಲಿ ಬಿದನೂರನ್ನು ಗೆದ್ದು ಹೈದರ್‌ನಗರ ಅಂತ ಹೆಸರಿಟ್ಟ. ಅದೇ ಸವೆದು ನಗರ ಆಯಿತು. ಆತನ ಮತ್ತು ಟಿಪ್ಪುವಿನ ಕಾಲದಲ್ಲಿ ಅದು ಆಯುಧದ ಊರು. ಬಾವಿಯ ಮಣ್ಣಿಗೆ ಇನ್ನೂ ಮದ್ದಿನ ವಾಸನೆ ಇತ್ತಂತೆ.

ಒಂದೊಂದು ಕೊಳವೆ ಗೇಣುದ್ದಕ್ಕಿಂತ ತುಸು ಹೆಚ್ಚು. ತುಕ್ಕು ಹಿಡಿದು ಸಿಪ್ಪೆ ಏಳುತ್ತಿದೆ. ಪುಟ್ಟ ಬಗ್ಗಿ, ಕೊಳವೆಯ ಬಾಯಿಯನ್ನೇ ಬಹಳ ಹೊತ್ತು ನೋಡಿದ. ನನಗೂ ಕಣ್ಣು ಅಲ್ಲೇ ಹೋಯಿತು. ಕಬ್ಬಿಣದ ಹಾಳೆಯನ್ನು ಸುತ್ತಿ ಬಡಿದು ಕೊಳವೆ ಮಾಡಿದ ಕಮ್ಮಾರ, ಒಂದು ತುದಿ ಮುಚ್ಚಿ, ಇನ್ನೊಂದರಲ್ಲಿ ಹೊಗೆ ಹೊರಗೆ ನುಗ್ಗುವಷ್ಟು ಬಾಯಿ ಬಿಡಬೇಕು. ಬಾಯಿ ದೊಡ್ಡದಾದರೆ ಬಲ ಇಲ್ಲ, ಸಣ್ಣದಾದರೆ ಕೊಳವೆಯೇ ಸೀಳುತ್ತದೆ. ಬ್ರಿಟಿಷರು ಇಂಥ ರಾಕೆಟ್‌ಗಳನ್ನು ಇಂಗ್ಲೆಂಡಿಗೆ ಕೊಂಡೊಯ್ದರು, ಅವನ್ನು ನೋಡಿ ವಿಲಿಯಂ ಕಾಂಗ್ರೀವ್ ಅಲ್ಲಿ ತನ್ನ ರಾಕೆಟ್ ಮಾಡಿದ. ನಮ್ಮ ಜಿಲ್ಲೆಯ ಕಮ್ಮಾರನ ಕೈಗೆ ತೂತಿನ ಬಾಯಿಯ ಲೆಕ್ಕ ಆಗಲೇ ಗೊತ್ತಿತ್ತು.

ತುಂಬುವ ಪಾಡನ್ನು ನಾನು ಮೊದಲು ಕಂಡದ್ದು ಅಮ್ಮನ ಅಪ್ಪನ ಮನೆಯಲ್ಲಿ, ತೀರ್ಥಹಳ್ಳಿ ಕಡೆ. ಅಲ್ಲಿ ಒಂದು ಕೇಪಿನ ಕೋವಿ ಇತ್ತು, ಬೆಳೆ ಕಾಯಲು ಲೈಸೆನ್ಸ್ ಪಡೆದದ್ದು. ಅದಕ್ಕೆ ಈಡು ತುಂಬುವುದನ್ನು ನೋಡಲು ಮಕ್ಕಳೆಲ್ಲ ಸುತ್ತ ಕೂರುತ್ತಿದ್ದೆವು. ಮಸಿ ಅಳೆದು ನಳಿಗೆಯ ಬಾಯಿಂದ ಸುರಿಯಬೇಕು, ತೆಂಗಿನ ಕತ್ತ ತುರುಕಬೇಕು, ಗಜದಿಂದ ಜಡಿಯಬೇಕು, ಚರೆ ಹಾಕಬೇಕು, ಮತ್ತೆ ಕತ್ತ, ಮತ್ತೆ ಗಜ, ಕೊನೆಗೆ ಹಿಂಬದಿಯಲ್ಲಿ ಕೇಪು. ಅಜ್ಜ ಅವಸರ ಮಾಡಿದ್ದನ್ನು ನಾನು ನೋಡಿಲ್ಲ. ಮೊದಲ ಈಡಿಗೆ ಹಂದಿ ಓಡಿದರೆ ಓಡಿತು, ಎರಡನೆಯದನ್ನು ತುಂಬುವ ಹೊತ್ತಿಗೆ ಅದು ಎರಡು ಗುಡ್ಡ ದಾಟಿರುತ್ತಿತ್ತು. ಚುನಾವಣೆ ಬಂದಾಗಲೆಲ್ಲ ಆ ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಬರಬೇಕು. ಒಂದು ಸಲ ವಾಪಸ್ ತಂದಾಗ ನಳಿಗೆಯ ಒಳಗೆ ತುಕ್ಕು ಕೂತಿತ್ತು. ಅಜ್ಜ ಎರಡು ದಿನ ಎಣ್ಣೆ ಬಟ್ಟೆ ಕಟ್ಟಿದ ಗಜ ಆಡಿಸುತ್ತ ಕೂತಿದ್ದರು, ಯಾರಿಗೂ ಒಂದು ಮಾತು ಬಯ್ಯಲಿಲ್ಲ.

ರಿವಾಲ್ವರಿನ ಚರಿತ್ರೆಯೂ ಇಲ್ಲಿಂದಲೇ ಶುರು. ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ರಿವಾಲ್ವರಿಗೂ ನಮ್ಮಜ್ಜನ ಕೋವಿಯ ಹಾಗೆ ಮುಂದಿನಿಂದಲೇ ಮದ್ದು, ಗುಂಡು, ಹಿಂದೆ ಕೇಪು. ಒಂದರ ಬದಲು ಐದಾರು ತೂತು, ಅಷ್ಟೇ. ಮುಗಿದ ಮೇಲೆ ಮತ್ತೆ ತುಂಬುವುದು ಅದೇ ಹಳೇ ಪಾಡು. ತೂತನ್ನು ಆರಪಾರ ಕೊರೆದು ಹಿಂದಿನಿಂದ ತೋಟಾ ತುಂಬಬಹುದು ಅಂತ 1855ರಲ್ಲಿ ಪೇಟೆಂಟ್ ಮಾಡಿಸಿದವನು ರಾಲಿನ್ ವೈಟ್ ಎಂಬಾತ. ಸ್ಮಿತ್ ಅಂಡ್ ವೆಸನ್ ಅದನ್ನು ಬಳಸಿಕೊಂಡಿತು. 1889ರ ಕೋಲ್ಟ್ ರಿವಾಲ್ವರಿನಲ್ಲಿ ಸಿಲಿಂಡರ್ ಪಕ್ಕಕ್ಕೆ ಬಿಚ್ಚಿಕೊಳ್ಳುವಂತೆ ಆಯಿತು. ಮೊದಲ ಮಹಾಯುದ್ಧಕ್ಕೆ ಅಮೆರಿಕ ಇಳಿದಾಗ ಪಿಸ್ತೂಲುಗಳು ಸಾಲದೆ ಬಂದವು. 1917ರಲ್ಲಿ ಪಿಸ್ತೂಲಿನ ತೋಟಾವನ್ನೇ ರಿವಾಲ್ವರಿಗೆ ಹಾಕುವ ಏರ್ಪಾಡು ಮಾಡಿದರು. ಆ ತೋಟಾಕ್ಕೆ ಹೊರಚಾಚಿದ ಅಂಚಿಲ್ಲ, ತಳ್ಳಲು ಹಿಡಿತ ಸಿಗುವುದಿಲ್ಲ. ಹಾಗಾಗಿ ಅರ್ಧಚಂದ್ರದಂಥ ತೆಳು ಉಕ್ಕಿನ ಬಿಲ್ಲೆಗೆ ಮೂರು ಮೂರು ತೋಟಾ ಸಿಕ್ಕಿಸಿ ಕೊಟ್ಟರು. ಯುದ್ಧದ ಆ ತೇಪೆ ಕೆಲಸವೇ ಪೂರ್ಣಚಂದ್ರವಾಗಿ ಇವತ್ತು ಸ್ಪರ್ಧೆಗಳಲ್ಲಿ ಆರಾರು, ಎಂಟೆಂಟು ತೋಟಾಗಳನ್ನು ಒಂದೇ ಸಲ ಕೂರಿಸುತ್ತಿದೆ. ಅಂಥ ಬಿಲ್ಲೆಗಳನ್ನು ಬಳಸಿ ಜೆರ್ರಿ ಮಿಕುಲೆಕ್ 1999ರಲ್ಲಿ ಆರು ಗುಂಡು ಹಾರಿಸಿ, ಮತ್ತೆ ತುಂಬಿ, ಇನ್ನೂ ಆರು ಹಾರಿಸಿದ. ಒಟ್ಟು 2.99 ಸೆಕೆಂಡು. ವಿಡಿಯೋ ನೋಡಿದರೆ ತುಂಬಿದ್ದು ಯಾವಾಗ ಅಂತ ಕಣ್ಣಿಗೆ ಸಿಗುವುದಿಲ್ಲ.

ಪುಟ್ಟ ಬಳಸುವುದು ಬಿಲ್ಲೆಯನ್ನಲ್ಲ, ಲೋಡರ್ ಅನ್ನು. ಹೆಬ್ಬೆರಳಿನಲ್ಲಿ ಹಿಡಿಯುವಂಥ ಒಂದು ಗುಬುಟು, ಅದರ ಕೆಳಗೆ ಕೆಚ್ಚಲಿನ ಮೊಲೆಗಳ ಹಾಗೆ ಆರು ತೋಟಾ ತೂಗುತ್ತಿರುತ್ತವೆ. ಆರೂ ಒಟ್ಟಿಗೆ ಆರು ತೂತಿಗೆ ಹೋಗಬೇಕು. ಒಂದು ಅಡ್ಡ ನಿಂತರೆ ಐದೂ ನಿಲ್ಲುತ್ತವೆ.

ಬಸ್ಸು ಹತ್ತಿದೆವು. ತುಂಗೆಯನ್ನು ಹಿಂದೆ ಬಿಟ್ಟು ಮಾಚೇನಹಳ್ಳಿ ದಾಟುವಾಗ ಎರಡೂ ಕಡೆ ಫೌಂಡ್ರಿಗಳು, ಮಷಿನಿಂಗ್ ಶೆಡ್ಡುಗಳು. ಶಿವಮೊಗ್ಗಕ್ಕೆ ಎರಕದ ಕೆಲಸ ಹಿಡಿದದ್ದು ಭದ್ರಾವತಿಯ ಕಾರ್ಖಾನೆಯಿಂದ ಅಂತ ಅಪ್ಪನ ತಲೆಮಾರಿನವರು ಹೇಳುತ್ತಾರೆ, ನಾನು ಒಪ್ಪುತ್ತೇನೆ. ಅಲ್ಲಿ ಕಲಿತ ಕೈಗಳು ಎಷ್ಟೋ ಈ ಶೆಡ್ಡುಗಳಲ್ಲಿ ಹೊಸ ಹುಡುಗರಿಗೆ ಹೇಳಿಕೊಟ್ಟಿವೆ.

ಭದ್ರಾವತಿಗೆ ಹಿಂದೆ ಬೆಂಕಿಪುರ ಅಂತ ಹೆಸರಿತ್ತು. ಕಾರ್ಖಾನೆ ಬಂದ ಮೇಲೆ ಆ ಹೆಸರಿಗೆ ತಕ್ಕಂತೆ ಆಯಿತು ಅನ್ನಬೇಕು. ವಿಶ್ವೇಶ್ವರಯ್ಯನವರ ಒತ್ತಾಯದಿಂದ ಮೈಸೂರು ಸಂಸ್ಥಾನ ಕಟ್ಟಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕಬ್ಬಿಣ ಇಳಿಸಿತು. ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ಮಲೆನಾಡಿನ ಕಾಡಿನದು, ನೀರು ಭದ್ರೆಯದು. ಮುಂದೆ ಮಿಶ್ರಲೋಹದ ಉಕ್ಕಿಗೆ ಹೆಸರಾಯಿತು. ಅದೇ ಕಾರ್ಖಾನೆಯನ್ನು ಮುಚ್ಚುವ ಮಾತು 2023ರ ಜನವರಿಯಲ್ಲಿ ಬಂತು, ಸರಿಯಾಗಿ ನೂರು ವರ್ಷ ತುಂಬುವಾಗ. ಕಾರ್ಮಿಕರು ಗೇಟಿನ ಮುಂದೆ ಕೂತರು. ಅಪ್ಪ ಅಷ್ಟು ದೂರ ನಡೆಯಲಾಗದಿದ್ದರೂ ಆಟೋ ಮಾಡಿಕೊಂಡು ಹೋಗಿ ಅವರ ಜೊತೆ ಕೂತು ಬಂದರು.

ಹೊಸಮನೆಗೆ ಹೋದಾಗ ಅಪ್ಪ ಹಿತ್ತಲಲ್ಲಿ ಬಾಳೆಯ ಒಣ ಎಲೆ ಕೊಯ್ಯುತ್ತಿದ್ದರು. ಕಾಲು ತೊಳೆದು, ಕಾಫಿ ಕುಡಿದು, ಅವಲಕ್ಕಿ ತಿಂದು ಮುಗಿಯುವವರೆಗೆ ಪುಟ್ಟ ಸುಮ್ಮನಿದ್ದ. ಆಮೇಲೆ ವಿಷಯ ತೆಗೆದ. ರಿವಾಲ್ವರ್ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಅಪ್ಪ ಲೋಟ ಕೆಳಗಿಟ್ಟರು.

"ಆ ಸಾಮಾನು ಇಲ್ಲಿಗೆ ತಂದಿದ್ದೀಯೇನೋ?"

"ಇಲ್ಲ ಅಜ್ಜ, ಅದು ಅಲ್ಲೇ ಇದೆ, ಬೀರುವಿನಲ್ಲಿ ಬೀಗ ಹಾಕಿ ಬಂದಿದೀನಿ. ನಿಮ್ಮ ಹತ್ರ ಬರೀ ಕೇಳೋಣ ಅಂತ."

"ಹಂಗಾದ್ರೆ ಕೇಳು."

ಅವನು ವಿಡಿಯೋ ತೋರಿಸಿದ. ಅಪ್ಪ ಕನ್ನಡಕ ಏರಿಸಿ, ಇಳಿಸಿ, ಮೂರು ಸಲ ನೋಡಿದರು. ಗುಂಡು ಹಾರುವ ಭಾಗದಲ್ಲಿ ಅವರಿಗೆ ಆಸಕ್ತಿಯೇ ಇಲ್ಲ. ತೋಟಾ ಸಿಕ್ಕಿಕೊಳ್ಳುವ ಜಾಗ ಬಂದಾಗ ಮಾತ್ರ "ನಿಲ್ಲಿಸು" ಅನ್ನುತ್ತಿದ್ದರು. ಪುಟ್ಟ ಸಿಲಿಂಡರಿನ ಹಿಂಬದಿಯ ಚಿತ್ರ ದೊಡ್ಡದು ಮಾಡಿ ತೋರಿಸಿದ.

"ಅಂಚು ಕೊರೆದ ಹಾಗೇ ಇದೆ ಕಣೋ. ಬರ್ ಒಂದು ತೆಗೆದಿದ್ದಾರೆ, ಬಾಯಿ ಹೊಡೆದಿಲ್ಲ. ಸ್ಟೀಲು ಯಾವುದು? ಹಾರ್ಡನ್ ಮಾಡಿದ್ದಾರಾ?"

ಸ್ಟೇನ್‌ಲೆಸ್ ಸ್ಟೀಲು, ಹೀಟ್ ಟ್ರೀಟ್ ಆದದ್ದು ಅಂದ. ಅಪ್ಪನ ಕಣ್ಣು ಚಿತ್ರದ ನಡುವಿನ ನಕ್ಷತ್ರದ ಮೇಲೆ ನಿಂತಿತು. ಆ ನಕ್ಷತ್ರವೇ ಎಕ್ಸ್‌ಟ್ರ್ಯಾಕ್ಟರ್. ಮುಂದಿನ ಕಡ್ಡಿ ಒತ್ತಿದರೆ ಅದು ಹಿಂದಕ್ಕೆ ಎದ್ದು, ಖಾಲಿ ತೋಟಾಗಳನ್ನು ತಲೆಯ ಅಂಚಿನಿಂದ ಹಿಡಿದು ಹೊರಹಾಕುತ್ತದೆ. ಹತ್ತಿರದಿಂದ ನೋಡಿದರೆ ಗೊತ್ತಾಗುವ ಸಂಗತಿ ಇದು: ಒಂದೊಂದು ತೂತಿನ ಹೊರಬದಿಯ ಅಂಚು ಸಿಲಿಂಡರಿನದು, ಒಳಬದಿಯ ಅಂಚು ಆ ನಕ್ಷತ್ರದ್ದು. ಎರಡು ಬೇರೆ ಬೇರೆ ಲೋಹದ ತುಂಡುಗಳು ಸೇರಿ ಒಂದು ಬಾಯಿ ಆಗಿದೆ.

"ಇದು ಎದ್ದೇಳೋ ಪೀಸು ಅಲ್ವಾ?" ಅಂತ ಅಪ್ಪ ಕೇಳಿದರು. ಹೌದು ಅಂದ. "ಹಂಗಾದ್ರೆ ಜಾಬ್ ಇರೋದೇ ಇಲ್ಲಿ. ಬನ್ನಿ."

ಎರಡು ಬೀದಿ ಆಚೆ ಒಂದು ಲೇತ್ ಅಂಗಡಿ. ನಡೆಸುವವರು ಅಪ್ಪನ ಕೈಕೆಳಗೆ ಅಪ್ರೆಂಟಿಸ್ ಆಗಿ ಕಲಿತವರು, ಈಗ ಅವರಿಗೇ ಅರವತ್ತು ಸಮೀಪಿಸಿದೆ. ಟ್ರ್ಯಾಕ್ಟರಿನ ಪಿನ್ನು, ಅಡಿಕೆ ಸುಲಿಯುವ ಮಷಿನ್ನಿನ ಶಾಫ್ಟು, ಪಂಪಿನ ಬುಷ್ಷು, ಇವೇ ದಿನದ ಕೆಲಸ. ಕೂಲೆಂಟಿನ ವಾಸನೆ, ನೆಲದ ಮೇಲೆ ಸುರುಳಿ ಸುರುಳಿ ಚೂರು. ಅಪ್ಪ ಒಳಗೆ ಕಾಲಿಟ್ಟಾಗ ಅವರು ಮಷಿನ್ ನಿಲ್ಲಿಸಿ ಸ್ಟೂಲು ಒರೆಸಿದರು.

"ಗುರುಗಳೇ, ಏನಪ್ಪಣೆ?"

"ಒಂದು ಹಳೇ ಫ್ಲಾಟ್ ಇದ್ರೆ ಕೊಡು. ಮೂರು ಹೋಲು ಹಾಕು, ಒಂದೇ ಸೈಜು."

ಅಂಗೈ ಅಗಲದ ಎಂ.ಎಸ್. ತುಂಡಿಗೆ ಮೂರು ತೂತು ಬಿದ್ದವು. ಇನ್ನೊಂದು ಕಡೆ ಲೇತಿನಲ್ಲಿ, ತೂತಿಗೆ ಸರಾಗ ಇಳಿಯುವಂಥ ಒಂದು ಪಿನ್ ತಿರುವಿದರು. ಅದರ ತಲೆಗೆ ಅಪ್ಪ ಹೇಳಿ ಒಂದು ಕಿರಿದಾದ ಕಾಲರ್ ಬಿಡಿಸಿದರು. ಎಷ್ಟು ಅಂತ ಕೇಳಿದ್ದಕ್ಕೆ ಪುಟ್ಟ ಲೆಕ್ಕ ಹಾಕಿ ಹೇಳಿದ. ಅವನ .38 ತೋಟಾದ ಮೈ 0.379 ಇಂಚು, ತಲೆಯ ಅಂಚು 0.440. ಅಂದರೆ ಸುತ್ತ ಹೊರಚಾಚಿರುವುದು ಒಂದೊಂದು ಬದಿಗೆ 30 ಥೌ, ಮುಕ್ಕಾಲು ಮಿಲಿಮೀಟರು ಅಷ್ಟೇ. "ಅಷ್ಟೇನಾ? ಅಷ್ಟರ ಮೇಲೆ ನಿಂತಿದೆಯಾ ಅದು!" ಅಂತ ಅಂಗಡಿಯವರು ಬೆರಗಾದರು.

ಮೊದಲನೇ ತೂತನ್ನು ಅಪ್ಪ ಹಾಗೇ ಬಿಡಿಸಿದರು. ಎರಡನೆಯದಕ್ಕೆ ಕೌಂಟರ್‌ಸಿಂಕ್ ಟೂಲನ್ನು ತಾವೇ ಕೈಯಲ್ಲಿ ಹಿಡಿದರು. ಮಷಿನ್ನಿಗೆ ಹಾಕಲಿಲ್ಲ. ತೂತಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅಂಗೈಯಿಂದ ಒತ್ತಿ, ಬಾಟಲಿ ಮುಚ್ಚಳ ತಿರುಗಿಸುವಷ್ಟು ನಿಧಾನಕ್ಕೆ ಎರಡು ಸುತ್ತು. ಎಂಬತ್ತೊಂದು ವರ್ಷದ ಕೈ, ಲೋಟ ಹಿಡಿದಾಗ ನಡುಗುತ್ತದೆ. ಟೂಲು ಹಿಡಿದಾಗ ನಡುಗಲಿಲ್ಲ. ಎದ್ದ ಚೂರು ಕೂದಲಿನಂತೆ ಒಂದೇ ಎಳೆ. ಆಮೇಲೆ ಎಮರಿ ಪೇಪರನ್ನು ಪೆನ್ಸಿಲಿಗೆ ಸುತ್ತಿ ಅಂಚಿಗೆ ಆಡಿಸಿದರು. ಚೂರೆಲ್ಲ ಸೇರಿಸಿದರೆ ಉಗುರಿನ ತುದಿಯಲ್ಲಿ ನಿಲ್ಲುವಷ್ಟು ಉಪ್ಪಿನಷ್ಟೂ ಇರಲಿಲ್ಲ.

"ಕಣ್ಣು ಮುಚ್ಚಿಕೊಂಡು ಪಿನ್ ಹಾಕು. ಅವಸರ ಅವಸರವಾಗಿ ಹಾಕು."

ಪುಟ್ಟ ಮೊದಲನೇ ತೂತಿಗೆ ಹತ್ತು ಸಲ ಹಾಕಿದ. ಆರು ಸಲ ಅಂಚಿಗೆ ತಾಕಿ ನಿಂತಿತು. ನಾಲ್ಕು ಸಲ ಹೋಯಿತು, ಅದರಲ್ಲೂ ಎರಡು ಸಲ ತಡವಿ. ಎರಡನೇ ತೂತಿಗೆ ಹತ್ತಕ್ಕೆ ಹತ್ತು. ಪ್ರತಿ ಸಲವೂ ಟಕ್ ಅಂತ ಒಂದೇ ಸದ್ದು. ಓರೆಯಾಗಿ ಬಂದರೂ ಆ ಇಳಿಜಾರು ಅದನ್ನು ಹಿಡಿದು ನಡುವಿಗೆ ತರುತ್ತಿತ್ತು. ನಾನೂ ಹಾಕಿ ನೋಡಿದೆ. ಕೈ ತಪ್ಪಿದರೂ ತೂತು ತಿದ್ದಿಕೊಳ್ಳುತ್ತದೆ.

"ಹಂಗಾದ್ರೆ ಇನ್ನೂ ಜಾಸ್ತಿ ತೆಗೆದ್ರೆ ಇನ್ನೂ ಸುಲಭ ಅಲ್ವಾ ಅಜ್ಜ?"

ಅಪ್ಪ ಕಾಯುತ್ತಿದ್ದದ್ದು ಈ ಪ್ರಶ್ನೆಗೇ. ಮೂರನೇ ತೂತಿಗೆ ಮಷಿನ್ನಿನಲ್ಲೇ ಆಳವಾಗಿ ಬಾಯಿ ಹೊಡೆಸಿದರು. ಬಟ್ಟಲಿನ ಹಾಗೆ ಕಂಡಿತು. ಪಿನ್ ಬಿಟ್ಟರೆ ತಾನೇ ಜಾರಿ ಹೋಗುತ್ತಿತ್ತು. ಹೋದ ಪಿನ್ನಿನ ತಲೆ ಮಾತ್ರ ಮೇಲೆ ನಿಲ್ಲಲಿಲ್ಲ. ಕಾಲರಿಗೆ ಕೂರಲು ದಿಣ್ಣೆಯೇ ಉಳಿದಿರಲಿಲ್ಲ. ಪಿನ್ ಒಳಗೆ ಕುಸಿದು ಓರೆಯಾಗಿ ಕೂತಿತು. ಅಪ್ಪ ಬೆರಳ ಉಗುರಿನಿಂದ ಅದನ್ನು ಎತ್ತಲು ನೋಡಿದರು, ಸಿಕ್ಕಲಿಲ್ಲ. ಕೆಳಗಿನಿಂದ ಕಡ್ಡಿ ಹಾಕಿ ತಳ್ಳಬೇಕಾಯಿತು.

"ನಿನ್ನ ನಕ್ಷತ್ರದ ಪೀಸನ್ನ ಹೀಗೆ ತಿಂದುಹಾಕಿದ್ರೆ ಖಾಲಿ ತೋಟಾದ ತಲೆ ಅದರ ಅಡಿಗೆ ನುಸುಳುತ್ತೆ. ಆಮೇಲೆ ಎಷ್ಟು ಒತ್ತಿದ್ರೂ ಬರಲ್ಲ. ಹೊರಗಡೆ ಅಂಚಿಗೆ ಬಾಯಿ ಕೊಡ್ಲಿ. ನಕ್ಷತ್ರಕ್ಕೆ ಬರೀ ಅಂಚು ಮುರೀಲಿ, ಅಷ್ಟೇ. ಟೂಲು ತೂತಿನ ಸೆಂಟರಲ್ಲೇ ನಿಲ್ಲಬೇಕು, ಅದಕ್ಕೆ ಪೈಲಟ್ ಇರ್ಬೇಕು. ಸ್ಪೀಡು ಕಮ್ಮಿ. ಚಾಟರ್ ಬಂದ್ರೆ ಅಂಚು ಗರಗಸ ಆಗುತ್ತೆ."

ಪುಟ್ಟನ ಮುಖ ನೋಡಬೇಕಿತ್ತು. ಅಲ್ಲಿಯ ಸ್ಪರ್ಧಿಗಳು ಎಚ್ಚರಿಸುವುದೂ ಇದನ್ನೇ ಅಂತ ಆಮೇಲೆ ಹೇಳಿದ. ಖಾಲಿ ತೋಟಾದ ಅಂಚು ನಕ್ಷತ್ರದ ಅಡಿಗೆ ಸಿಕ್ಕಿಕೊಂಡರೆ ಆ ಸುತ್ತು ಅಲ್ಲಿಗೇ ಮುಗಿಯಿತು. ರಿವಾಲ್ವರನ್ನು ಕಣ್ಣಾರೆ ಕಂಡಿರದ ಅಪ್ಪ, ಒಂದು ಫೋನಿನ ಚಿತ್ರ ನೋಡಿ ಅದನ್ನು ಹೇಳಿದ್ದರು. ತೂತು, ಪಿನ್ನು, ಕಾಲರು, ಇವುಗಳ ನಡುವೆ ಜೀವನ ಕಳೆದವರಿಗೆ ಯಾವ ಯಂತ್ರವೂ ಪೂರ್ತಿ ಅಪರಿಚಿತವಲ್ಲ.

"ಗುರುಗಳೇ," ಅಂದರು ಅಂಗಡಿಯವರು, "ಇವರ ಆ ಸಿಲಿಂಡರ್ ಇಲ್ಲೇ ಇದ್ದಿದ್ರೆ ಅರ್ಧ ಗಂಟೆ ಕೆಲಸ."

"ಇದ್ದಿದ್ರೂ ನೀನು ಮುಟ್ಟಬಾರದು," ಅಂದರು ಅಪ್ಪ. ದನಿ ಗಟ್ಟಿಯಾಗಿತ್ತು.

ಅಪ್ಪ ಹೇಳಿದ್ದು ಸರಿ, ಬರೀ ಹೆದರಿಕೆಯ ಮಾತಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕು ತಯಾರಿಸುವುದಕ್ಕೆ, ಮಾರುವುದಕ್ಕೆ ಬೇಕಾದಂತೆ ದುರಸ್ತಿ ಮಾಡುವುದಕ್ಕೆ, ಬದಲಾಯಿಸುವುದಕ್ಕೆ, ಪರೀಕ್ಷಿಸಿ ನೋಡುವುದಕ್ಕೂ ಲೈಸೆನ್ಸ್ ಬೇಕು. ಕೋವಿಯ ಒಡೆಯನಿಗೆ ಲೈಸೆನ್ಸ್ ಇದ್ದರೆ ಸಾಲದು, ಕೆಲಸ ಮಾಡುವವನಿಗೆ ಬೇರೆ ಲೈಸೆನ್ಸ್ ಇರಬೇಕು. ಲೇತ್ ಅಂಗಡಿಯವನು ಉಪಕಾರಕ್ಕೆ ಅಂತ ಒಂದು ಪಿನ್ ಹಾಕಿಕೊಟ್ಟರೂ ಜೈಲಿನ ಬಾಗಿಲಿಗೆ ಹೋದಂತೆ. ಈ ಕಾನೂನು ಇರಬೇಕಾದದ್ದೇ ಅಂತ ನನ್ನ ಅಭಿಪ್ರಾಯ. ಲೇತ್ ಇರುವ ಪ್ರತಿ ಬೀದಿಯಲ್ಲೂ ಬಂದೂಕಿನ ಕೆಲಸ ನಡೆಯುವ ಊರು ನನಗೆ ಬೇಡ.

ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಕೇಳಿದರು, ನಮ್ಮ ದೇಶದಲ್ಲಿ ಈ ಆಟ ಇಲ್ಲವೇ ಅಂತ. ಶೂಟಿಂಗ್ ಇದೆ, ದೊಡ್ಡದಾಗಿಯೇ ಇದೆ. 2012ರ ಲಂಡನ್ ಒಲಿಂಪಿಕ್ಸ್‌ನ 25 ಮೀಟರ್ ರ‍್ಯಾಪಿಡ್ ಫೈರ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದರು. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಜಸ್ಪಾಲ್ ರಾಣಾ ಸೆಂಟರ್ ಫೈರ್ ಪಿಸ್ತೂಲ್ ಚಿನ್ನ ಗೆದ್ದರು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 50 ಮೀಟರ್ ಪಿಸ್ತೂಲಿನಲ್ಲಿ 2016ರ ರಿಯೋವರೆಗೆ ಹೋದರು. ಆದರೆ ಸೆಂಟರ್ ಫೈರ್ ಸ್ಪರ್ಧೆಯಲ್ಲಿ 60 ಗುಂಡುಗಳನ್ನು ಐದೈದರ ಸರಣಿಯಾಗಿ ಹೊಡೆಯುತ್ತಾರೆ. ಸರಣಿ ಮುಗಿದ ಮೇಲೆ ನಿಧಾನಕ್ಕೆ ತುಂಬಿಕೊಳ್ಳಬಹುದು. ತುಂಬುವ ವೇಗಕ್ಕೆ ಅಲ್ಲಿ ಅಂಕ ಇಲ್ಲ. ಇಲ್ಲಿಯ ರಿವಾಲ್ವರೂ ಬೇರೆ ಥರ: ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಹಳೇ ವೆಬ್ಲಿಯ ಹಾಗೆ ನಡು ಮುರಿದು ಬಾಗುವ ಮಾದರಿ, ಬಾಗಿಸಿದರೆ ತೋಟಾಗಳೆಲ್ಲ ತಾವೇ ಮೇಲೇಳುತ್ತವೆ. ಓಡುತ್ತ, ನಿಲ್ಲುತ್ತ, ತುಂಬುತ್ತ ಗುರಿ ಹೊಡೆಯುವ ಆಟದ ಒಕ್ಕೂಟ ಹುಟ್ಟಿದ್ದು 1976ರಲ್ಲಿ ಅಮೆರಿಕದ ಕೊಲಂಬಿಯಾ ಎಂಬ ಊರಿನಲ್ಲಿ. ಪುಟ್ಟನದು ಆ ವಂಶದ ಆಟ.

ನಮ್ಮ ಕಡೆಯ ಗುರಿಯ ಆಟ ನೋಡಬೇಕಾದರೆ ಕೊಡಗಿಗೆ ಹೋಗಬೇಕು. ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ಹಬ್ಬಕ್ಕೆ ನಾನು ಒಮ್ಮೆ ಹೋಗಿದ್ದೆ. ಕೋವಿಯನ್ನು ತೊಳೆದು, ಗಂಧ ಹಚ್ಚಿ, ನಳಿಗೆಯ ಬಾಯಿಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆಮೇಲೆ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು. ಅಲ್ಲಿ ಎರಡನೇ ಈಡಿನ ಮಾತೇ ಇಲ್ಲ, ಸರದಿ ಬಂದಾಗ ಒಂದೇ ಗುಂಡು, ಒಂದೇ ಉಸಿರು. ಪುಟ್ಟನಿಗೆ ಇದನ್ನು ಹೇಳಿದಾಗ ಮುಂದಿನ ಸಲ ಆ ಹೊತ್ತಿಗೇ ರಜೆ ಹಾಕುತ್ತೇನೆ ಅಂದ.

ಸಂಜೆ ಹೊರಡುವಾಗ ಅಪ್ಪ ಆ ಮೂರು ತೂತಿನ ಪಟ್ಟಿಯನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಹಳೇ ಪೇಪರಿನಲ್ಲಿ ಸುತ್ತಿ ಮೊಮ್ಮಗನ ಕೈಗಿಟ್ಟರು. "ಕೆಲಸ ಮಾಡೋನಿಗೆ ತೋರಿಸು. ಎರಡನೇದು ನೋಡಿ ಮಾಡು ಅನ್ನು, ಮೂರನೇದು ನೋಡಿ ಬಿಡು ಅನ್ನು." ಪಿನ್ನನ್ನು ಮಾತ್ರ ಕೊಡಲಿಲ್ಲ. ತೋಟಾದಂತೆ ಕಾಣುತ್ತದೆ, ವಿಮಾನ ನಿಲ್ದಾಣದಲ್ಲಿ ಹುಡುಗನಿಗೆ ತೊಂದರೆ ಅಂತ ಇಟ್ಟುಕೊಂಡರು. ಬಸ್ಸು ಭದ್ರೆಯ ಸೇತುವೆ ದಾಟುವಾಗ ಪುಟ್ಟ ಪೊಟ್ಟಣ ಬಿಚ್ಚಿ, ಎರಡನೇ ತೂತಿನ ಅಂಚಿಗೆ ಹೆಬ್ಬೆರಳು ಸವರುತ್ತ ಕೂತಿದ್ದ.

ಫೆಬ್ರವರಿಯಲ್ಲಿ ಅವನ ಫೋನು ಬಂತು. ಅಲ್ಲಿಯ ಲೈಸೆನ್ಸ್ ಇರುವ ಗನ್‌ಸ್ಮಿತ್ ಒಬ್ಬರು ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಇದನ್ನು ಮಾಡಿದವರು ಎಲ್ಲಿ ಕೆಲಸ ಮಾಡುತ್ತಾರೆ ಅಂತ ಕೇಳಿದರಂತೆ. ಸಿಲಿಂಡರಿಗೆ ಎರಡನೇ ತೂತಿನಷ್ಟೇ ಬಾಯಿ ಕೊಟ್ಟರು. ಮೂರೂವರೆ ಸೆಕೆಂಡು ಹಿಡಿಯುತ್ತಿದ್ದ ತುಂಬುವಿಕೆ ಈಗ ಎರಡೂಮುಕ್ಕಾಲಕ್ಕೆ ಇಳಿದಿದೆ, ದಿನಾ ಸಂಜೆ ಖಾಲಿ ರಿವಾಲ್ವರಿನಲ್ಲಿ ನಕಲಿ ತೋಟಾ ಹಾಕಿ ಕೈಗೆ ಅಭ್ಯಾಸ ಮಾಡುತ್ತಿದ್ದೇನೆ ಅಂದ. ಅಪ್ಪನಿಗೆ ಹೇಳಿದೆ. "ಅರ್ಧ ಅಭ್ಯಾಸದ್ದು, ಅರ್ಧ ಅಂಚಿನದು" ಅಂದರು.

ಮಲೆನಾಡಿನಲ್ಲಿ ಲೈಸೆನ್ಸ್ ಕೋವಿ ಇರುವ ಮನೆಗಳು ಬಹಳ ಇವೆ. ನಿಮ್ಮದೂ ಅಂಥ ಮನೆಯಾದರೆ ಒಂದು ಮಾತು ಕೇಳಿಕೊಳ್ಳುತ್ತೇನೆ. ಕೋವಿಯ ಕೀಲು ಸಡಿಲವಾಗಲಿ, ನಳಿಗೆಯ ಬಾಯಿ ಒರಟಾಗಲಿ, ದುರಸ್ತಿಗೆ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಗೇ ಒಯ್ಯಿರಿ, ದೂರವಾದರೂ ಸರಿ. ಬೀದಿಯ ಲೇತ್ ಅಂಗಡಿಗೆ ಒಯ್ದು ಅಲ್ಲಿಯವರನ್ನು ದಾಕ್ಷಿಣ್ಯಕ್ಕೆ ಸಿಕ್ಕಿಸಬೇಡಿ. ಅವರಿಗೆ ಆ ಕೆಲಸ ಬರುತ್ತದೆ, ಇಲ್ಲ ಅನ್ನಲು ಬರುವುದಿಲ್ಲ.